ಹಿಂಚಕ್ರ ಚಾಲನೆಯ ವೇಗದ ಕಾರುಗಳಿಗೆ ಹೈಬ್ರಿಡ್: ಮೋಟರ್ ಎಷ್ಟು ದೊಡ್ಡದಿರಬೇಕು, ಎಲ್ಲಿರಬೇಕು? (ವೇದಿಕೆಯೊಂದರ ಚರ್ಚೆ; ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು)

ಹಿಂಚಕ್ರ

ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಶಕ್ತಿ ಹರಿಯುವ ವೇಗದ ಕಾರಿಗೆ ಹೈಬ್ರಿಡ್ (ಎಂಜಿನ್ ಜೊತೆ ವಿದ್ಯುತ್ ಮೋಟರೂ ದುಡಿಯುವ) ವ್ಯವಸ್ಥೆಯನ್ನು ರೂಪಿಸುವವರು, ಎಷ್ಟು ಅಶ್ವಶಕ್ತಿ ಸೇರಿಸಬಹುದೆಂದು ಕೇಳುವ ಮೊದಲು ಆ ಎರಡು ಟೈರುಗಳು ಎಷ್ಟನ್ನು ತಾಳಬಲ್ಲವು ಎಂದು ಲೆಕ್ಕ ಹಾಕಿ ನೋಡಬೇಕು ಎಂಬುದು ನನ್ನ ವಾದ. ಆ ಲೆಕ್ಕವನ್ನೇ ಇಲ್ಲಿ ಮುಂದಿಡುತ್ತೇನೆ, ತಪ್ಪಿದ್ದರೆ ತಿದ್ದಿ.

1500 ಕೆಜಿ ತೂಕದ, ಎಂಜಿನ್ ನಡುವಿನಲ್ಲಿರುವ ಒಂದು ಕಾರನ್ನು ಊಹಿಸಿಕೊಳ್ಳೋಣ. ಅದರ ತೂಕದಲ್ಲಿ ಶೇ. 60 ಹಿಂದಿನ ಆಕ್ಸಲ್ ಮೇಲಿದೆ, ಗುರುತ್ವಕೇಂದ್ರ ನೆಲದಿಂದ 45 ಸೆಂ.ಮೀ. ಎತ್ತರದಲ್ಲಿದೆ, ವೀಲ್‌ಬೇಸ್ (ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವಿನ ದೂರ) 2.6 ಮೀಟರ್ ಇದೆ, ಒಣ ರಸ್ತೆಯಲ್ಲಿ ಟೈರಿನ ಘರ್ಷಣಾ ಗುಣಾಂಕ 1.1 ಎಂದಿಟ್ಟುಕೊಳ್ಳೋಣ. ಮುನ್ನುಗ್ಗುವಾಗ ಹಿಂದಕ್ಕೆ ವರ್ಗವಾಗುವ ಭಾರವನ್ನೂ ಸೇರಿಸಿದರೆ ಈ ಕಾರು ಗರಿಷ್ಠ 0.81 ಜಿ (ಗುರುತ್ವ ವೇಗೋತ್ಕರ್ಷದ 0.81 ಪಾಲು) ಸುಮಾರಿಗೆ ವೇಗ ಪಡೆಯಬಲ್ಲದು. ಅಂದರೆ ಹಿಂಚಕ್ರಗಳು ನೆಲವನ್ನು ಸುಮಾರು 12,000 ನ್ಯೂಟನ್ ಬಲದಿಂದ ತಳ್ಳಬಲ್ಲವು, ಗಂಟೆಗೆ 100 ಕಿ.ಮೀ. ವೇಗದಲ್ಲಿ ಅದು ಸುಮಾರು 333 ಕಿಲೋವಾಟ್ ಶಕ್ತಿಗೆ ಸಮ. ಅದಕ್ಕಿಂತ ಹೆಚ್ಚು ಕೊಟ್ಟದ್ದೆಲ್ಲ ಟೈರಿನ ರಬ್ಬರ್ ಸುಡುವುದಕ್ಕೆ ಹೋಗುತ್ತದೆ. ಒದ್ದೆ ರಸ್ತೆಯಲ್ಲಿ ಗುಣಾಂಕ 0.6ಕ್ಕೆ ಇಳಿದರೆ ಅದೇ ವೇಗದಲ್ಲಿ ಬಳಕೆಗೆ ಬರುವುದು ಸುಮಾರು 164 ಕಿಲೋವಾಟ್ ಮಾತ್ರ.

ಇಂಥ ಕಾರುಗಳ ಇಂದಿನ ಟರ್ಬೊ (ಹೊಗೆಯ ಬಲದಿಂದ ಹೆಚ್ಚು ಗಾಳಿ ತುಂಬುವ) ಎಂಜಿನ್‌ಗಳು ಮೋಟರಿನ ನೆರವಿಲ್ಲದೆಯೇ ಈ ಮಿತಿಯನ್ನು ದಾಟುತ್ತವೆ. ಹಾಗಿದ್ದರೂ ಮೋಟರ್ ಏಕೆ ಬೇಕು? ನನಗೆ ಕಾಣುವ ಉತ್ತರ ಅದರ ಚುರುಕು. 6000 ಆರ್‌ಪಿಎಂನಲ್ಲಿ ತಿರುಗುವ ನಾಲ್ಕು ಸ್ಟ್ರೋಕ್ ಎಂಜಿನ್‌ನ ಒಂದು ಆವರ್ತನ ಮುಗಿಯಲು 20 ಮಿಲಿಸೆಕೆಂಡ್ ಬೇಕು, ಥ್ರಾಟಲ್ ತೆರೆದು ಟರ್ಬೊ ಗಾಳಿಯನ್ನು ತುಂಬುವಷ್ಟರಲ್ಲಿ ನೂರಾರು ಮಿಲಿಸೆಕೆಂಡ್ ಕಳೆದಿರುತ್ತದೆ. ಮೋಟರಿನ ಟಾರ್ಕ್ (ತಿರುಗಿಸುವ ಬಲ) ಕೆಲವೇ ಮಿಲಿಸೆಕೆಂಡುಗಳಲ್ಲಿ ಏರಬಲ್ಲದು, ಇಳಿಯಬಲ್ಲದು, ದಿಕ್ಕನ್ನೂ ಬದಲಿಸಬಲ್ಲದು. ಆದ್ದರಿಂದ ಹಿಂಚಕ್ರ ಚಾಲನೆಯಲ್ಲಿ ಮೋಟರನ್ನು ಹಿಂದಿನ ಆಕ್ಸಲ್‌ನ ಟಾರ್ಕನ್ನು ಹದವಾಗಿ ಆಳುವ ಸಾಧನವಾಗಿ ಕಂಡು, ಅದಕ್ಕೆ ತಕ್ಕಂತೆ ಅದರ ಗಾತ್ರವನ್ನೂ ಜಾಗವನ್ನೂ ನಿರ್ಧರಿಸಬೇಕು ಎನ್ನುತ್ತೇನೆ. ಗೇರ್‌ಬಾಕ್ಸ್, ಬ್ರೇಕ್, ಬ್ಯಾಟರಿಗಳನ್ನು ಬಲ್ಲವರು ಇದನ್ನು ಒರೆಗೆ ಹಚ್ಚಬೇಕೆಂದು ಕೋರುತ್ತೇನೆ.

ಗೇರ್‌ಸಾಲು

ಲೆಕ್ಕ ಸರಿಯಾಗಿದೆ. ಜಾಗದ ವಿಚಾರದಲ್ಲಿ ನನ್ನ ಅಭಿಪ್ರಾಯ ಹೇಳುತ್ತೇನೆ.

ಈ ಕ್ಷೇತ್ರದಲ್ಲಿ ಮೋಟರ್ ಕುಳಿತ ಜಾಗವನ್ನು ಪಿ0ಯಿಂದ ಪಿ4ರವರೆಗಿನ ಹೆಸರುಗಳಿಂದ ಗುರುತಿಸುವುದು ರೂಢಿ. ಪಿ0 ಎಂದರೆ ಎಂಜಿನ್‌ನ ಬೆಲ್ಟ್ ಮೇಲೆ, ಪಿ1 ಎಂದರೆ ಕ್ರ್ಯಾಂಕ್‌ಶಾಫ್ಟ್‌ಗೆ ನೇರವಾಗಿ, ಪಿ2 ಎಂದರೆ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಕ್ಲಚ್‌ನಿಂದ ಬೇರ್ಪಡಿಸಬಹುದಾದಂತೆ, ಪಿ3 ಎಂದರೆ ಗೇರ್‌ಬಾಕ್ಸ್‌ನ ಹೊರಹರಿವಿನ ಶಾಫ್ಟ್ ಮೇಲೆ, ಪಿ4 ಎಂದರೆ ಎಂಜಿನ್ ಸೇರದ ಇನ್ನೊಂದು ಆಕ್ಸಲ್ ಮೇಲೆ. ಬೆಲ್ಟ್ ಹೆಚ್ಚು ಟಾರ್ಕ್ ಹೊರದು, ಹಾಗಾಗಿ ಪಿ0 ನಮ್ಮ ಚರ್ಚೆಗೆ ಬರುವುದಿಲ್ಲ. ಹಿಂಚಕ್ರ ಚಾಲನೆಯನ್ನು ಉಳಿಸಿಕೊಳ್ಳಬೇಕೆಂದರೆ ಪಿ4 ಕೂಡ ಹೊರಗೆ. ಉಳಿದ ಮೂರರಲ್ಲಿ ಪಿ2 ಗೆದ್ದಿರುವುದಕ್ಕೆ ಕಾರಣವಿದೆ. ಮೋಟರಿನ ಟಾರ್ಕ್ ಗೇರ್ ಅನುಪಾತದಿಂದ ಗುಣಿಸಿ ಚಕ್ರಕ್ಕೆ ತಲುಪುವುದರಿಂದ ಚಿಕ್ಕ, ಹಗುರ ಮೋಟರ್ ಸಾಕಾಗುತ್ತದೆ. ಮೆಕ್‌ಲಾರೆನ್ ಆರ್ಟುರಾದ ಮೋಟರ್ ಸುಮಾರು 15 ಕೆಜಿ ತೂಗುತ್ತದೆ, ಕೊಡುವುದು 95 ಅಶ್ವಶಕ್ತಿ. ಫೆರಾರಿ 296 ಜಿಟಿಬಿಯಲ್ಲಿ 122 ಕಿಲೋವಾಟ್ ಮೋಟರ್ ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಕೂರುತ್ತದೆ. ಎರಡೂ ಆಕ್ಸಿಯಲ್ ಫ್ಲಕ್ಸ್ (ಕಾಂತಕ್ಷೇತ್ರ ಶಾಫ್ಟ್‌ನ ಉದ್ದಕ್ಕೆ ಹರಿಯುವ) ಮಾದರಿಯವು, ತಟ್ಟೆಯಂತೆ ತೆಳ್ಳಗಿರುವುದರಿಂದ ವೀಲ್‌ಬೇಸ್ ಹಿಗ್ಗಿಸಬೇಕಾಗಿಲ್ಲ. 296ರ ವೀಲ್‌ಬೇಸ್ 2600 ಮಿ.ಮೀ., ಅದಕ್ಕೂ ಮೊದಲಿನ ನಡು ಎಂಜಿನ್‌ನ ಬರ್ಲಿನೆಟಾಗಿಂತ 50 ಮಿ.ಮೀ. ಕಡಿಮೆ. ಹೈಬ್ರಿಡ್ ಆದ ಮೇಲೆ ಕಾರು ಗಿಡ್ಡವಾಗಿದೆ ಎಂಬುದನ್ನು ಗಮನಿಸಬೇಕು. ಅಲ್ಲಿ ಎಂಟು ಸಿಲಿಂಡರ್ ಜಾಗಕ್ಕೆ ಆರು ಸಿಲಿಂಡರ್ ಬಂದದ್ದೂ ಇದಕ್ಕೆ ಕಾರಣ.

ಆದರೆ ಪಿ2ರಲ್ಲಿ ಒಂದು ಬೆಲೆ ತೆರಬೇಕು, ಅದನ್ನು ಕರಪತ್ರಗಳಲ್ಲಿ ಯಾರೂ ಬರೆಯುವುದಿಲ್ಲ. ರೋಟರಿನ (ಮೋಟರಿನೊಳಗೆ ತಿರುಗುವ ಭಾಗದ) ಜಡತ್ವ ಗೇರ್ ಅನುಪಾತದ ವರ್ಗದಷ್ಟು ಹಿಗ್ಗಿ ಚಕ್ರಕ್ಕೆ ಕಾಣುತ್ತದೆ. ರೋಟರಿನ ಜಡತ್ವ 0.03 ಕೆಜಿ-ಚದರ ಮೀಟರ್, ಮೊದಲ ಗೇರಿನಲ್ಲಿ ಒಟ್ಟು ಅನುಪಾತ 13 ಎಂದಿಟ್ಟುಕೊಂಡರೆ ಚಕ್ರದ ಬಳಿ ಅದು ಸುಮಾರು 5 ಆಗುತ್ತದೆ, ಕಾರಿಗೆ ನಲವತ್ತು ಕೆಜಿಗೂ ಹೆಚ್ಚು ತೂಕ ಸೇರಿಸಿದಂತೆ. ಚಕ್ರ ಜಾರಿ ತಿರುಗತೊಡಗಿದಾಗ ಅದನ್ನು ಮತ್ತೆ ಹಿಡಿತಕ್ಕೆ ತರಲು ಮೋಟರ್ ತನ್ನದೇ ಜಡತ್ವದ ವಿರುದ್ಧವೂ ದುಡಿಯಬೇಕು. ಜೊತೆಗೆ ಚಕ್ರಗಳಿಗೆ ಶಕ್ತಿ ಒಯ್ಯುವ ಹಾಫ್‌ಶಾಫ್ಟ್‌ಗಳು ತಿರುಚಿಕೊಂಡು ಬಿಚ್ಚಿಕೊಳ್ಳುವ ಕಂಪನವಿದೆ, ಸೆಕೆಂಡಿಗೆ ಕೆಲವೇ ಬಾರಿ ಆಗುವ ಈ ಓಲಾಟವನ್ನು ಮೋಟರಿನ ವೇಗದ ಟಾರ್ಕ್ ಕೆರಳಿಸಬಲ್ಲದು. ಕ್ರ್ಯಾಂಕ್ ಮತ್ತು ಚಕ್ರಗಳ ವೇಗವನ್ನು ಹೋಲಿಸುತ್ತ ಎದುರು ಟಾರ್ಕ್ ಕೊಟ್ಟು ಅದನ್ನು ತಣಿಸುವ ನಿಯಂತ್ರಣ ಬರೆಯದಿದ್ದರೆ ತಾವು ಹೇಳಿದ ಚುರುಕುತನವೇ ಕಾರನ್ನು ಕುಲುಕಿಸುತ್ತದೆ.

ಸರಿಯಾಗಿ ಬಳಸಿದರೆ ಅದೇ ರೋಟರ್ ಗೇರ್ ಬದಲಾವಣೆಗೆ ವರವೂ ಹೌದು. ಮೇಲಿನ ಗೇರಿಗೆ ಹೋಗುವಾಗ ಇಳಿಯಬೇಕಾದ ತಿರುಗುವ ಶಕ್ತಿಯನ್ನು ಕ್ಲಚ್‌ನ ಬಿಸಿಯಾಗಿಸದೆ ಮೋಟರ್ ಬ್ಯಾಟರಿಗೆ ಎಳೆದುಕೊಳ್ಳುತ್ತದೆ, ಕೆಳ ಗೇರಿಗೆ ಬರುವಾಗ ಕರಾರುವಾಕ್ಕಾಗಿ ವೇಗ ಹೊಂದಿಸಿಕೊಡುತ್ತದೆ. ಆರ್ಟುರಾದ ಗೇರ್‌ಬಾಕ್ಸ್‌ನಲ್ಲಿ ರಿವರ್ಸ್ ಗೇರೇ ಇಲ್ಲ, ಮೋಟರನ್ನು ಹಿಮ್ಮುಖ ತಿರುಗಿಸಿ ಆ ಕೆಲಸ ಮಾಡಿಸುತ್ತಾರೆ. ಇಂಥ ಉಳಿತಾಯಗಳಿಂದಲೇ ಹೈಬ್ರಿಡ್‌ನ ತೂಕವನ್ನು ಸ್ವಲ್ಪ ಸ್ವಲ್ಪವಾಗಿ ತೀರಿಸಿಕೊಳ್ಳಬೇಕು.

ನಾಲ್ಕೂಚಕ್ರ

ಮೂಲ ಪ್ರಶ್ನೆಯನ್ನೇ ನಾನು ಒಪ್ಪಲಾರೆ. ಹಿಡಿತದ ಮಿತಿ 333 ಕಿಲೋವಾಟ್ ಎಂದು ತಾವೇ ತೋರಿಸಿದ ಮೇಲೆ ಮೋಟರನ್ನು ಮುಂದಿನ ಆಕ್ಸಲ್‌ಗೆ ಹಾಕುವುದು ನೇರ ಪರಿಹಾರವಲ್ಲವೇ? ಬ್ರೇಕ್ ಹಾಕುವಾಗ ಭಾರ ಮುಂದಕ್ಕೆ ಬರುತ್ತದೆ, ಹಾಗಾಗಿ ರೀಜೆನ್‌ಗೂ (ಮೋಟರಿನಿಂದ ಬ್ರೇಕ್ ಹಾಕಿ ಆ ಶಕ್ತಿಯನ್ನು ಬ್ಯಾಟರಿಗೆ ತುಂಬುವುದಕ್ಕೂ) ಮುಂದಿನ ಆಕ್ಸಲ್ಲೇ ಸೂಕ್ತ. 2013ರಲ್ಲಿ ಮೆಕ್‌ಲಾರೆನ್ ಪಿ1 (ಇದು ಕಾರಿನ ಹೆಸರು, ಮೋಟರಿನ ಜಾಗವಲ್ಲ) ಮತ್ತು ಲಾಫೆರಾರಿ ಹಿಂಚಕ್ರ ಚಾಲನೆಯನ್ನೇ ಹಿಡಿದುಕೊಂಡಾಗ ಪೋರ್ಶೆ 918 ಮುಂದೊಂದು ಮೋಟರ್ ಇಟ್ಟು ಈ ದಾರಿಯನ್ನು ಆಗಲೇ ತೋರಿಸಿತ್ತು. ಭೌತಶಾಸ್ತ್ರ ಒಂದು ಕಡೆ ಇರುವಾಗ ಇನ್ನೊಂದು ಕಡೆ ದುಡಿಯುವುದು ಹಟವೆನಿಸುತ್ತದೆ.

ಹಿಂಚಕ್ರ

ನಾಲ್ಕೂಚಕ್ರ ಅವರೇ, ನಿಂತಲ್ಲಿಂದ 100 ಕಿ.ಮೀ. ಮುಟ್ಟುವ ಕಾಲವೊಂದೇ ಗುರಿಯಾದರೆ ತಾವು ಹೇಳಿದ್ದೇ ಸರಿ, ಅದರಲ್ಲಿ ವಾದವಿಲ್ಲ. ಆದರೆ ಮುಂದಿನ ಮೋಟರ್, ಅದರ ಗೇರುಗಳು, ಹಾಫ್‌ಶಾಫ್ಟ್‌ಗಳು, ಬ್ಯಾಟರಿಯ ವಿದ್ಯುತ್ತನ್ನು ಮೋಟರಿಗೆ ತಕ್ಕಂತೆ ಬದಲಿಸುವ ಇನ್ನೊಂದು ಇನ್ವರ್ಟರ್ ಎಲ್ಲ ಸೇರಿ ತೂಕ ಏರುತ್ತದೆ. ಸ್ಟಿಯರಿಂಗ್ ಮಾಡುವ ಟೈರಿಗೆ ಎಳೆಯುವ ಕೆಲಸವೂ ಬೀಳುತ್ತದೆ. ತಿರುವಿನಿಂದ ಹೊರಬರುವಾಗ ಬಲಗಾಲಿನಿಂದ ಕಾರಿನ ಕೋನವನ್ನು ತಿದ್ದಿಕೊಳ್ಳುವ ಗುಣಕ್ಕಾಗಿಯೇ ಈ ವರ್ಗದ ಕಾರನ್ನು ಜನ ಆರಿಸುತ್ತಾರೆ, ಅದನ್ನು ಕಳೆದುಕೊಂಡು ಗಡಿಯಾರದಲ್ಲಿ ಒಂದಿಷ್ಟು ಗಳಿಸುವುದು ನನಗೆ ಒಳ್ಳೆಯ ವ್ಯಾಪಾರವಾಗಿ ಕಾಣುವುದಿಲ್ಲ. 2024ರಲ್ಲಿ ಬಂದ ಮೆಕ್‌ಲಾರೆನ್ ಡಬ್ಲ್ಯು1 ಒಟ್ಟು 1275 ಅಶ್ವಶಕ್ತಿಯನ್ನು ಹಿಂದಿನ ಎರಡು ಚಕ್ರಗಳಿಗೇ ಕೊಡುತ್ತದೆ, ಅದರ ಒಣ ತೂಕ 1399 ಕೆಜಿ. ಆ ಶಕ್ತಿಯ ಬಹುಭಾಗ ಕೆಳ ವೇಗದಲ್ಲಿ ಬಳಕೆಗೆ ಬಾರದು, ಆದರೆ ಗಂಟೆಗೆ 200 ಕಿ.ಮೀ. ಆದ ಮೇಲೆ ಲೆಕ್ಕ ತಿರುಗುತ್ತದೆ. ಅಷ್ಟು ವೇಗದಲ್ಲಿ ಅದೇ 12,000 ನ್ಯೂಟನ್‌ಗೆ ಸುಮಾರು 667 ಕಿಲೋವಾಟ್ ಬೇಕು, ಗಾಳಿ ಕೆಳಕ್ಕೊತ್ತುವ ಬಲ ಸೇರಿದರೆ ಇನ್ನೂ ಹೆಚ್ಚು ಶಕ್ತಿಯನ್ನು ರಸ್ತೆಗೆ ಹಾಕಬಹುದು.

ಬ್ರೇಕಿಂಗ್ ವಿಷಯದಲ್ಲಿ ತಮ್ಮ ಆಕ್ಷೇಪ ಗಟ್ಟಿಯಾದದ್ದು, ಅದಕ್ಕೆ ವಿವರವಾಗಿ ಉತ್ತರಿಸಬೇಕು. ಅದೇ ಕಾರು ಗಂಟೆಗೆ 200 ಕಿ.ಮೀ.ನಿಂದ 80ಕ್ಕೆ 1 ಜಿ ದರದಲ್ಲಿ ಇಳಿಯುತ್ತಿದೆ ಎನ್ನಿ. ಸುಮಾರು 3.4 ಸೆಕೆಂಡುಗಳಲ್ಲಿ 1.94 ಮೆಗಾಜೂಲ್ ಚಲನಶಕ್ತಿ ಹೋಗಬೇಕು, ಸರಾಸರಿ 572 ಕಿಲೋವಾಟ್. 120 ಕಿಲೋವಾಟ್ ಮೋಟರ್ ಅಷ್ಟು ಹೊತ್ತು ಪೂರ್ತಿ ದುಡಿದರೆ ಹಿಡಿಯುವುದು ಸುಮಾರು 0.41 ಮೆಗಾಜೂಲ್, ಅಂದರೆ ಐದನೇ ಒಂದು ಪಾಲು. ಹಿಡಿಯುವಾಗ ಶೇ. 10, ಮರಳಿ ಕೊಡುವಾಗ ಶೇ. 10 ನಷ್ಟವೆಂದರೂ ಮುಂದಿನ ನೇರ ರಸ್ತೆಯಲ್ಲಿ ಸುಮಾರು 2.75 ಸೆಕೆಂಡ್ ಪೂರ್ಣ ನೆರವಿಗೆ ಅದು ಸಾಕು. ಟರ್ಬೊ ತುಂಬುವ ಹೊತ್ತನ್ನು ಮುಚ್ಚಲು ಇಷ್ಟು ಬೇಕಾದಷ್ಟಾಯಿತು. 1 ಜಿ ಬ್ರೇಕಿಂಗ್‌ನಲ್ಲಿಯೂ ಈ ಕಾರಿನ ಭಾರದಲ್ಲಿ ಶೇ. 43ರಷ್ಟು ಹಿಂದಿನ ಆಕ್ಸಲ್ ಮೇಲೆಯೇ ಉಳಿದಿರುತ್ತದೆ ಎಂಬುದನ್ನು ಮರೆಯಬಾರದು. ಎಂಜಿನ್ ಮುಂದಿರುವ, ತೂಕ ಸಮಪಾಲಾಗಿರುವ, 2.8 ಮೀಟರ್ ವೀಲ್‌ಬೇಸ್‌ನಲ್ಲಿ ಗುರುತ್ವಕೇಂದ್ರ 50 ಸೆಂ.ಮೀ. ಎತ್ತರವಿರುವ ಸೆಡಾನ್‌ನಲ್ಲಿ ಅದು ಶೇ. 32ಕ್ಕೆ ಇಳಿಯುತ್ತದೆ. ತಮ್ಮ ಮಾತು ಅಂಥ ಕಾರಿಗೆ ಹೆಚ್ಚು ಸಲ್ಲುತ್ತದೆ.

ತಡೆಹಿಡಿತ

ಬ್ರೇಕ್ ಲೆಕ್ಕವನ್ನು ಸರಾಸರಿಯಲ್ಲಿ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ, ಅಪಾಯವಿರುವುದು ಅದರ ಕೊನೆಯ ಭಾಗದಲ್ಲಿ.

ಮೋಟರ್ 120 ಕಿಲೋವಾಟ್ ಅನ್ನು ಸ್ಥಿರವಾಗಿ ಹಿಡಿಯುತ್ತ ಹೋದರೆ ಅದು ಚಕ್ರದ ಮೇಲೆ ಹಾಕುವ ಬಲ ಸ್ಥಿರವಾಗಿರುವುದಿಲ್ಲ, ವೇಗ ಇಳಿದಂತೆ ಏರುತ್ತದೆ. ಗಂಟೆಗೆ 200 ಕಿ.ಮೀ.ನಲ್ಲಿ 2160 ನ್ಯೂಟನ್ ಇದ್ದದ್ದು 80ಕ್ಕೆ ಬರುವಷ್ಟರಲ್ಲಿ 5400 ನ್ಯೂಟನ್ ಆಗಿರುತ್ತದೆ. ಆ ಹೊತ್ತಿಗೆ ಹಿಂದಿನ ಆಕ್ಸಲ್‌ನ ನ್ಯಾಯವಾದ ಪಾಲು ಒಣ ರಸ್ತೆಯಲ್ಲಿ ಸುಮಾರು 6300 ನ್ಯೂಟನ್. ಚಾಲಕ ಅದೇ ಕ್ಷಣದಲ್ಲಿ ಬ್ರೇಕ್ ಸಡಿಲಿಸುತ್ತ ಸ್ಟಿಯರಿಂಗ್ ತಿರುಗಿಸುತ್ತಿರುತ್ತಾನೆ, ಹಿಂದಿನ ಟೈರುಗಳಿಗೆ ಪಕ್ಕದ ಹಿಡಿತ ಬೇಕಾಗಿರುತ್ತದೆ, ಆದರೆ ಮೋಟರ್ ಅದನ್ನೆಲ್ಲ ನುಂಗಿ ಕೂತಿರುತ್ತದೆ. ಒದ್ದೆ ರಸ್ತೆಯಲ್ಲಿ 0.5 ಜಿ ದರದಲ್ಲಿ ಇಳಿಯುವಾಗ ಆ ಪಾಲು ಸುಮಾರು 3800 ನ್ಯೂಟನ್‌ಗೆ ಕುಸಿಯುತ್ತದೆ, 5400 ಹಾಕಿದರೆ ಹಿಂಚಕ್ರಗಳು ಲಾಕ್ ಆಗಿ ಕಾರು ಬೆನ್ನು ತಿರುಗಿಸುತ್ತದೆ. ಆದುದರಿಂದ ರೀಜೆನ್ ಟಾರ್ಕನ್ನು ವೇಗ, ಸ್ಟಿಯರಿಂಗ್ ಕೋನ ಮತ್ತು ಕಾರು ಹೊರಳುವ ದರಕ್ಕೆ ಹೊಂದಿಸಿ ಮುಂಚಿತವಾಗಿಯೇ ಇಳಿಸಬೇಕು, ಇಳಿಸಿದಷ್ಟನ್ನು ಡಿಸ್ಕ್ ಬ್ರೇಕ್ ಪೆಡಲಿಗೆ ಗೊತ್ತಾಗದಂತೆ ತುಂಬಬೇಕು. ಎಂಜಿನ್‌ನ ಎಳೆತವೂ ಅದೇ ಆಕ್ಸಲ್ ಮೇಲೆ ಬೀಳುವುದರಿಂದ ಪಿ2ರ ಕ್ಲಚ್ ತೆರೆದು ಎಂಜಿನ್ನನ್ನು ಬಿಡಿಸಬೇಕೋ, ಜೊತೆಗಿಟ್ಟುಕೊಂಡು ಮೋಟರಿನಿಂದ ಸರಿದೂಗಿಸಬೇಕೋ ಎಂಬ ತೀರ್ಮಾನ ಪ್ರತಿ ತಿರುವಿನಲ್ಲೂ ಬರುತ್ತದೆ.

ಇದು ಎಷ್ಟು ಕಠಿಣವೆಂಬುದಕ್ಕೆ ಸಾಕ್ಷಿ ರೇಸಿಂಗ್‌ನಲ್ಲಿಯೇ ಇದೆ. ಫಾರ್ಮುಲಾ 1 ಕಾರು ಹಿಂಚಕ್ರ ಚಾಲನೆಯದು. 2009ರ ಕೆಇಆರ್‌ಎಸ್ (ಬ್ರೇಕಿಂಗ್ ಶಕ್ತಿಯನ್ನು ಹಿಡಿದು ಮರಳಿ ಕೊಡುವ ವ್ಯವಸ್ಥೆ) ಕೊಡುತ್ತಿದ್ದುದು 60 ಕಿಲೋವಾಟ್, ಸುತ್ತಿಗೆ 400 ಕಿಲೋಜೂಲ್. 2014ರಲ್ಲಿ ಮೋಟರ್ 120 ಕಿಲೋವಾಟ್‌ಗೆ ಏರಿದಾಗ ಹಿಂದಿನ ಬ್ರೇಕುಗಳಿಗೆ ಬ್ರೇಕ್-ಬೈ-ವೈರ್ (ಪೆಡಲಿನ ಆಜ್ಞೆಯನ್ನು ಕಂಪ್ಯೂಟರ್ ಬ್ರೇಕಿಗೆ ತಲುಪಿಸುವ) ನಿಯಂತ್ರಣಕ್ಕೆ ನಿಯಮದಲ್ಲೇ ಅವಕಾಶ ಕೊಡಬೇಕಾಯಿತು. 2026ರ ನಿಯಮದಲ್ಲಿ ಅದು 350 ಕಿಲೋವಾಟ್. ರಸ್ತೆಯ ಕಾರುಗಳಲ್ಲಿ ಎರಡು ಪಂಥಗಳಿವೆ. ಮೆಕ್‌ಲಾರೆನ್ ಪಿ1ರಲ್ಲೂ ಆರ್ಟುರಾದಲ್ಲೂ ಬ್ರೇಕ್ ಪೆಡಲಿನ ಸಹಜ ಸ್ಪರ್ಶಕ್ಕಾಗಿ ಪೆಡಲ್‌ಗೆ ರೀಜೆನ್ ಬೆರೆಸುವುದನ್ನೇ ಬಿಟ್ಟು ಎಂಜಿನ್ನಿಂದ ಬ್ಯಾಟರಿ ತುಂಬಿಸುವ ದಾರಿ ಹಿಡಿಯಿತು. ಫೆರಾರಿ 296ರಲ್ಲಿ ಬ್ರೇಕ್-ಬೈ-ವೈರ್ ತಂದು ಎಬಿಎಸ್ ನಿಯಂತ್ರಣವನ್ನೇ ಹೊಸದಾಗಿ ಬರೆಯಿತು. ನನ್ನ ಒಲವು ಎರಡನೆಯದರ ಕಡೆ, ಇಂಧನ ಸುಟ್ಟು ಬ್ಯಾಟರಿ ತುಂಬಿಸುತ್ತ, ಅತ್ತ ಡಿಸ್ಕ್‌ನಲ್ಲಿ ಶಕ್ತಿಯನ್ನು ಬಿಸಿಯಾಗಿ ಚೆಲ್ಲುವುದು ಮನಸ್ಸಿಗೆ ಒಪ್ಪುವುದಿಲ್ಲ. ಆದರೆ ಪೆಡಲಿನ ಕೆಲಸ ಅರ್ಧಕ್ಕೆ ನಿಂತ ಕಾರಿಗಿಂತ ಮೊದಲನೆಯ ಪಂಥದ ಕಾರೇ ಮೇಲು ಎಂದು ಅಷ್ಟೇ ಖಚಿತವಾಗಿ ಹೇಳುತ್ತೇನೆ.

ಹೊಸಓದುಗ

ಎಲ್ಲವನ್ನೂ ಆಸಕ್ತಿಯಿಂದ ಓದುತ್ತಿದ್ದೇನೆ. ಮ್ಯಾನ್ಯುಅಲ್ ಗೇರ್‌ಬಾಕ್ಸ್ ಇಟ್ಟುಕೊಂಡು ಇಂಥ ಹೈಬ್ರಿಡ್ ಮಾಡಲು ಸಾಧ್ಯವಿಲ್ಲವೇ?

ಗೇರ್‌ಸಾಲು

ಸಾಧ್ಯವಿದೆ. 2010ರಲ್ಲಿ ಬಂದ ಹೋಂಡಾ ಸಿಆರ್-ಜಡ್‌ನಲ್ಲಿ ಎಂಜಿನ್‌ಗೂ ಕ್ಲಚ್‌ಗೂ ನಡುವೆ ಮೋಟರ್ ಇಟ್ಟು ಆರು ಗೇರಿನ ಮ್ಯಾನ್ಯುಅಲ್ ಕೊಟ್ಟಿದ್ದರು, ಅದು ಮುಂಚಕ್ರ ಚಾಲನೆಯ ಚಿಕ್ಕ ಕಾರು. ತೊಡಕೆಂದರೆ ಚಾಲಕ ಯಾವಾಗ ಕ್ಲಚ್ ತುಳಿಯುತ್ತಾನೆಂದು ನಿಯಂತ್ರಕಕ್ಕೆ ಮೊದಲೇ ತಿಳಿಯದು, ತುಳಿದ ಕ್ಷಣಕ್ಕೆ ರೀಜೆನ್ ಕಡಿದುಹೋಗುತ್ತದೆ. ಬ್ರೇಕ್ ಬೆರಕೆ ನಡೆಯುತ್ತಿರುವಾಗ ಹೀಗಾದರೆ ಡಿಸ್ಕ್ ಬ್ರೇಕ್ ಆ ಕೊರತೆಯನ್ನು ತಟ್ಟನೆ ತುಂಬಬೇಕು. ಚಿಕ್ಕ ಮೋಟರಾದರೆ ನಿಭಾಯಿಸಬಹುದು.

ಕೋಶಬಳಗ

ಬ್ಯಾಟರಿಯ ಕಡೆಯಿಂದ ನೋಡಿದರೆ ಹಿಂಚಕ್ರ ಅವರ ವಾದಕ್ಕೆ ಇನ್ನಷ್ಟು ಬಲ ಬರುತ್ತದೆ. ಒಂದು ದೊಡ್ಡ ಬ್ರೇಕಿಂಗ್‌ನಲ್ಲಿ ಸಿಗುವ 0.41 ಮೆಗಾಜೂಲ್ ಎಂದರೆ 0.11 ಕಿಲೋವಾಟ್-ಅವರ್. ಅದನ್ನು ಇಟ್ಟುಕೊಳ್ಳಲು ದೊಡ್ಡ ಬ್ಯಾಟರಿ ಬೇಡ, ಅಷ್ಟು ವೇಗವಾಗಿ ತೆಗೆದುಕೊಳ್ಳಬಲ್ಲ ಬ್ಯಾಟರಿ ಬೇಕು. ದೂರ ಓಡಿಸುವ ವಿದ್ಯುತ್ ಕಾರಿನ ಕೋಶಗಳು ಪ್ರತಿ ಕೆಜಿಗೆ ಎಷ್ಟು ಶಕ್ತಿ ತುಂಬಬಹುದು ಎಂಬ ಗುರಿಯಿಂದ ಆಗಿರುತ್ತವೆ. ಇಲ್ಲಿ ಬೇಕಾದವು ತೆಳು ಲೇಪದ ಎಲೆಕ್ಟ್ರೋಡ್‌ಗಳ, ಒಳ ಪ್ರತಿರೋಧ ಕಡಿಮೆಯಿರುವ ಕೋಶಗಳು. 296ರ 7.45 ಕಿಲೋವಾಟ್-ಅವರ್ ಬ್ಯಾಟರಿ 122 ಕಿಲೋವಾಟ್ ಕೊಡುವಾಗ ಒಂದು ಗಂಟೆಯಲ್ಲಿ ಹದಿನಾರು ಬಾರಿ ಬರಿದಾಗುವಷ್ಟು ದರದಲ್ಲಿ ಹರಿಯುತ್ತದೆ. ಡಬ್ಲ್ಯು1ರಲ್ಲಿ 1.384 ಕಿಲೋವಾಟ್-ಅವರ್ ಬ್ಯಾಟರಿ 347 ಅಶ್ವಶಕ್ತಿಯ ಮೋಟರನ್ನು ಉಣಿಸುತ್ತದೆ, ಅಲ್ಲಿ ಆ ದರ 180ನ್ನು ಮೀರುತ್ತದೆ. ಕೆಲವು ವರ್ಷಗಳ ಅಂತರದಲ್ಲಿ ಆದ ಈ ಜಿಗಿತವನ್ನು ನಾನು ಈ ಕ್ಷೇತ್ರದ ಅತಿ ದೊಡ್ಡ ಬೆಳವಣಿಗೆ ಎಂದೆಣಿಸುತ್ತೇನೆ.

ಬೆಲೆ ತೆರುವುದು ಬಿಸಿಯಲ್ಲಿ. ಕರೆಂಟ್ ಇಮ್ಮಡಿಯಾದರೆ ಪ್ರತಿರೋಧದ ಬಿಸಿ ನಾಲ್ಕು ಪಟ್ಟಾಗುತ್ತದೆ. ಎಂಜಿನ್‌ನ ನೀರು 90 ಡಿಗ್ರಿ ಸೆಲ್ಸಿಯಸ್ ದಾಟಿದರೂ ನಡೆಯುತ್ತದೆ, ಇನ್ವರ್ಟರ್ ಮತ್ತು ಮೋಟರಿಗೆ ಅದಕ್ಕಿಂತ ತಣ್ಣಗಿನ ತಂಪುದ್ರವದ ಸುತ್ತು ಬೇಕು, ಬ್ಯಾಟರಿಗೆ ಇನ್ನೂ ತಣ್ಣಗಿರಬೇಕಾದ್ದರಿಂದ ಹವಾನಿಯಂತ್ರಣದ ಅನಿಲದಿಂದ ತಂಪುಗೊಳಿಸಬೇಕು. ಮೂರು ಸುತ್ತುಗಳು, ಮೂರು ರೇಡಿಯೇಟರ್ ಜಾಗಗಳು, ಮತ್ತು ಅವಕ್ಕೆಲ್ಲ ಗಾಳಿ ಒಂದೇ ಮೂತಿಯಿಂದ ಬರಬೇಕು. ರೇಸ್‌ಟ್ರ್ಯಾಕ್‌ನಲ್ಲಿ ಕೆಲವು ಸುತ್ತುಗಳಾದ ಮೇಲೆ ಹೈಬ್ರಿಡ್ ನೆರವು ಕುಗ್ಗುವುದು ಸಾಮಾನ್ಯವಾಗಿ ಬ್ಯಾಟರಿ ಖಾಲಿಯಾಗಿ ಅಲ್ಲ, ಬಿಸಿಯಾಗಿ.

ಟರ್ಬೊಗಾಳಿ

ಇಷ್ಟು ಹೊತ್ತಾದರೂ ಪೋರ್ಶೆ 911 ಕರೆರಾ ಜಿಟಿಎಸ್ ಬಗ್ಗೆ ಯಾರೂ ಎತ್ತಲಿಲ್ಲ. 2024ರಲ್ಲಿ ಬಂದ ಟಿ-ಹೈಬ್ರಿಡ್ ಈ ಚರ್ಚೆಯ ಪ್ರಶ್ನೆಗೆ ಸಿಕ್ಕಿರುವ ಅತ್ಯಂತ ಸಂಯಮದ ಉತ್ತರ ಎಂದು ನನ್ನ ನಂಬಿಕೆ, ಹಿಂಚಕ್ರ ಚಾಲನೆಯಲ್ಲೂ ಅದು ಸಿಗುತ್ತದೆ. ಗೇರ್‌ಬಾಕ್ಸ್ ಕವಚದೊಳಗೆ 40 ಕಿಲೋವಾಟ್, 150 ನ್ಯೂಟನ್-ಮೀಟರ್ ಮೋಟರ್, 1.9 ಕಿಲೋವಾಟ್-ಅವರ್, 27 ಕೆಜಿಯ ಬ್ಯಾಟರಿ, 3.6 ಲೀಟರ್ ಎಂಜಿನ್‌ಗೆ ಒಂದೇ ಟರ್ಬೊ. ಆ ಟರ್ಬೊದ ಕಂಪ್ರೆಸರ್ ಮತ್ತು ಟರ್ಬೈನ್ ನಡುವೆ ಇನ್ನೊಂದು ಚಿಕ್ಕ ಮೋಟರಿದೆ. ವೇಗವಾಗಿ ಗಾಳಿ ತುಂಬಬೇಕಾದಾಗ ಅದು ಟರ್ಬೊವನ್ನು ತಿರುಗಿಸುತ್ತದೆ, ಒತ್ತಡ ಮಿತಿ ಮುಟ್ಟಿದಾಗ ಅದರ ವೇಗವನ್ನು ಹಿಡಿದಿಟ್ಟು 11 ಕಿಲೋವಾಟ್‌ವರೆಗೆ ವಿದ್ಯುತ್ ಮಾಡುತ್ತದೆ, ಹೆಚ್ಚಾದ ಹೊಗೆಯನ್ನು ಹೊರಬಿಡುವ ವೇಸ್ಟ್‌ಗೇಟ್ ಬೇಕಾಗುವುದೇ ಇಲ್ಲ. ಒಟ್ಟು 541 ಅಶ್ವಶಕ್ತಿ, 610 ನ್ಯೂಟನ್-ಮೀಟರ್, ಮೊದಲಿಗಿಂತ ಹೆಚ್ಚಾದ ತೂಕ 50 ಕೆಜಿ. ಬರೀ ವಿದ್ಯುತ್ತಿನಿಂದ ಅದು ಓಡುವುದಿಲ್ಲ, ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವುದೂ ಇಲ್ಲ. ನೂರ್ಬರ್ಗ್‌ರಿಂಗ್‌ನಲ್ಲಿ ಹಿಂದಿನ ಮಾದರಿಗಿಂತ 8.7 ಸೆಕೆಂಡ್ ಬೇಗ ಸುತ್ತು ಮುಗಿಸಿತು.

ಇದರ ಹಿಂದೆ ಹೊಗೆಯ ನಿಯಮದ ಒತ್ತಡವೂ ಇದೆ. ಪೂರ್ಣ ಹೊರೆಯಲ್ಲಿ ಟರ್ಬೈನನ್ನು ತಂಪಾಗಿಡಲು ಹೆಚ್ಚುವರಿ ಪೆಟ್ರೋಲ್ ಸುರಿಯುವ ಹಳೆಯ ಉಪಾಯವನ್ನು ಬಿಟ್ಟು, ಇಡೀ ವ್ಯಾಪ್ತಿಯಲ್ಲಿ ಗಾಳಿ-ಇಂಧನದ ಸರಿಯಾದ ಅನುಪಾತವನ್ನೇ ಕಾಯ್ದುಕೊಂಡರೆ ಎಂಜಿನ್‌ನ ಶಕ್ತಿ ತಗ್ಗುತ್ತದೆ. ಸಿಲಿಂಡರಿನ ಗಾತ್ರ ಹಿಗ್ಗಿಸಿ, ಟರ್ಬೊಗೆ ವಿದ್ಯುತ್ ಕೊಟ್ಟು ಆ ನಷ್ಟವನ್ನು ತುಂಬಿದ್ದಾರೆ. ಹವಾನಿಯಂತ್ರಣದ ಕಂಪ್ರೆಸರ್ 400 ವೋಲ್ಟ್‌ನಿಂದ ನಡೆಯುವುದರಿಂದ ಬೆಲ್ಟ್ ಹೋಯಿತು, ಎಂಜಿನ್ 110 ಮಿ.ಮೀ. ತಗ್ಗಾಯಿತು, ಮೇಲೆ ಉಳಿದ ಜಾಗದಲ್ಲಿ ಇನ್ವರ್ಟರ್ ಕೂತಿತು. ಒಂದು ಭಾಗ ಸೇರಿಸುವಾಗ ಇನ್ನೊಂದನ್ನು ಕಳೆಯುವ ಈ ಶಿಸ್ತನ್ನು ನಾನು ಮನಸಾರೆ ಮೆಚ್ಚುತ್ತೇನೆ.

ನಾಲ್ಕೂಚಕ್ರ

911ರ ಉದಾಹರಣೆಯನ್ನು ಒಪ್ಪುತ್ತೇನೆ, ಆದರೆ ಅದರ ಎಂಜಿನ್ ಹಿಂದಿದೆ, ಭಾರವೂ ಹಿಂದಿದೆ. ಎಂಜಿನ್ ಮುಂದಿರುವ ಸೆಡಾನ್‌ಗಳ ಗತಿ ನೋಡಿ. ಮರ್ಸಿಡಿಸ್-ಎಎಂಜಿ ಸಿ63 ಹಿಂಚಕ್ರ ಚಾಲನೆಯ ವಿ8 ಆಗಿದ್ದದ್ದು, ಹೈಬ್ರಿಡ್ ಆದಾಗ ಎರಡು ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, ಹಿಂದಿನ ಆಕ್ಸಲ್‌ನಲ್ಲಿ 150 ಕಿಲೋವಾಟ್ ಮೋಟರ್, ನಾಲ್ಕು ಚಕ್ರ ಚಾಲನೆ, 2100 ಕೆಜಿ ಮೀರಿದ ತೂಕ. ಬಿಎಂಡಬ್ಲ್ಯು ಎಂ5 2400 ಕೆಜಿ ದಾಟಿದೆ. ಅಲ್ಲಿ ನಿಮ್ಮ ಸಂಯಮ ನಡೆಯಲಿಲ್ಲ.

ಹಿಂಚಕ್ರ

ಅಲ್ಲಿ ಸಂಯಮ ನಡೆಯದಿರಲು ಕಾರಣ ಎಂಜಿನ್ ಮುಂದಿರುವುದಲ್ಲ ಎಂದು ನನಗನಿಸುತ್ತದೆ. ಎಂ5ರ ಬ್ಯಾಟರಿಯ ಬಳಕೆಯ ಸಾಮರ್ಥ್ಯವೇ 18.6 ಕಿಲೋವಾಟ್-ಅವರ್, ಹತ್ತಾರು ಕಿಲೋಮೀಟರ್ ಮೌನವಾಗಿ ಓಡಬೇಕೆಂಬ ಗುರಿಗಾಗಿ ಬಂದದ್ದು. ಸಿ63ರ ಬ್ಯಾಟರಿ 6.1 ಕಿಲೋವಾಟ್-ಅವರ್, ಅದು ಶಕ್ತಿಯ ದರಕ್ಕಾಗಿ ಮಾಡಿದ ಒಳ್ಳೆಯ ಬ್ಯಾಟರಿಯೇ, ಆದರೆ ಅದರ ಮೋಟರಿಗೆ ಪ್ರತ್ಯೇಕ ಎರಡು ಗೇರುಗಳು, ಮುಂಚಕ್ರಗಳಿಗೆ ಶಾಫ್ಟ್ ಎಲ್ಲ ಸೇರಿಕೊಂಡವು. ಗುರಿಗಳು ಒಂದರ ಮೇಲೊಂದು ಪೇರಿಸಿಕೊಂಡಾಗ ತೂಕ ಹೀಗೆಯೇ ಬೆಳೆಯುತ್ತದೆ.

ಮುಂದಿನ ಎಂಜಿನ್‌ನ ಹಿಂಚಕ್ರ ಕಾರಿಗೆ ನನ್ನ ಸೂಚನೆ ಇದು: ಗೇರ್‌ಬಾಕ್ಸ್ ಮೂತಿಯಲ್ಲಿ 50ರಿಂದ 70 ಕಿಲೋವಾಟ್‌ನ ಪಿ2 ಮೋಟರ್, 2 ಕಿಲೋವಾಟ್-ಅವರ್ ಆಸುಪಾಸಿನ ಬ್ಯಾಟರಿಯನ್ನು ಹಿಂದಿನ ಸೀಟಿನ ಕೆಳಗೆ ಅಥವಾ ಆಕ್ಸಲ್‌ಗೆ ಹತ್ತಿರ ಇಟ್ಟು ತೂಕವನ್ನು ಹಿಂದಕ್ಕೆಳೆಯುವುದು, ಎರಡು ಹಿಂಚಕ್ರಗಳಿಗೆ ಟಾರ್ಕ್ ಹಂಚುವ ಎಲೆಕ್ಟ್ರಾನಿಕ್ ಡಿಫರೆನ್ಷಿಯಲ್. ತಡೆಹಿಡಿತ ಅವರ ಲೆಕ್ಕವನ್ನೇ ಅನ್ವಯಿಸಿದರೆ, ಅದೇ 1500 ಕೆಜಿಗೆ ಇಂಥ ಸೆಡಾನ್‌ನ ಹಿಂದಿನ ಆಕ್ಸಲ್ 80 ಕಿ.ಮೀ. ವೇಗದಲ್ಲಿ ತಾಳಬಲ್ಲ ಬ್ರೇಕ್ ಪಾಲು ಸುಮಾರು 105 ಕಿಲೋವಾಟ್, 60 ಕಿಲೋವಾಟ್ ಮೋಟರ್ ಅದರೊಳಗೆ ಪಕ್ಕದ ಹಿಡಿತಕ್ಕೂ ಜಾಗ ಬಿಟ್ಟು ಕೂರುತ್ತದೆ. ಒದ್ದೆಯಲ್ಲಿ ಆಗಲೂ ರೀಜೆನ್ ಇಳಿಸಲೇಬೇಕು.

ತಡೆಹಿಡಿತ

ಆ ಗಾತ್ರವನ್ನು ಒಪ್ಪುತ್ತೇನೆ, ಪರೀಕ್ಷೆಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಬ್ಯಾಟರಿ ತುಂಬಿದ್ದಾಗ ರೀಜೆನ್ ತೆಗೆದುಕೊಳ್ಳಲಾರದು, ತಣ್ಣಗಿದ್ದಾಗ ಅರ್ಧವನ್ನಷ್ಟೇ ತೆಗೆದುಕೊಳ್ಳಬಹುದು, ಬಿಸಿಯೇರಿದಾಗ ಮತ್ತೆ ಕಡಿಮೆ. ಈ ಮೂರೂ ಸ್ಥಿತಿಗಳಲ್ಲಿ ಅದೇ ತಿರುವಿಗೆ ಅದೇ ಬ್ರೇಕ್ ಬಿಂದುವಿನಿಂದ ಬಂದ ಚಾಲಕನಿಗೆ ಪೆಡಲಿನ ಒತ್ತಡ, ಕಾರಿನ ನಿಧಾನವಾಗುವ ದರ, ಹಿಂಭಾಗದ ವರ್ತನೆ ಮೂರೂ ಒಂದೇ ಆಗಿ ಸಿಗಬೇಕು. ತಿರುವಿನಿಂದ ಹೊರಹೋಗುವಾಗಲೂ ಹಾಗೆಯೇ, ಹಿಂದಿನ ಸುತ್ತಿನಲ್ಲಿ ಸಿಕ್ಕ ಟಾರ್ಕ್ ಈ ಸುತ್ತಿನಲ್ಲಿ ಸಿಗದಿದ್ದರೆ ಬಲಗಾಲಿನಿಂದ ಕಾರನ್ನು ತಿದ್ದುವವನು ಯಾವುದನ್ನು ನಂಬಿ ತಿದ್ದಬೇಕು? ಹಾಗಾಗಿ ಗರಿಷ್ಠ ನೆರವನ್ನು ಬ್ಯಾಟರಿಯ ಒಳ್ಳೆಯ ಸ್ಥಿತಿಗೆ ನಿಗದಿಪಡಿಸದೆ, ಹತ್ತನೆಯ ಸುತ್ತಿನಲ್ಲಿಯೂ ಖಚಿತವಾಗಿ ಕೊಡಬಲ್ಲ ಮಟ್ಟಕ್ಕೆ ಮೊದಲ ಸುತ್ತಿನಿಂದಲೇ ಇಳಿಸಿ ಇಡಬೇಕೆಂದು ನಾನು ಒತ್ತಾಯಿಸುತ್ತೇನೆ, ಆ ಕಾರಣಕ್ಕೆ ಪ್ರಕಟಿತ ಅಶ್ವಶಕ್ತಿ ಇಪ್ಪತ್ತು ಮೂವತ್ತು ಕಡಿಮೆಯಾದರೂ ಸರಿ.